ಬೀಳದ ಯಂತ್ರ

"ಮತ್ತೆ ಬಿತ್ತು ಮೇಷ್ಟ್ರೇ," ಎಂದಳು ಯಂತ್ರ ಪರೀಕ್ಷಿಸುವ ಟೆಸ್ಟರ್.

ಆಂಬುಲೆನ್ಸ್ ಕೇಂದ್ರದ ಕರೆಗಳನ್ನೆಲ್ಲ ಸಾಗಿಸುವ ಯಂತ್ರದಂಥದ್ದೇ ಇನ್ನೊಂದನ್ನು ಪರೀಕ್ಷೆಗೆಂದು ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಕರೆಗಳ ದಟ್ಟಣೆ ಏರಿಸಿದರೆ ಸಾಕು, ಅದು ಕೈಚೆಲ್ಲಿ ಸ್ತಬ್ಧವಾಗುತ್ತಿತ್ತು, ಅವರ ಮಾತಿನಲ್ಲಿ 'ಬೀಳುತ್ತಿತ್ತು'. ಕಾರ್ಖಾನೆಗೆ ಬೆಂಕಿ ಬಿದ್ದು ಊರಿಗೆ ಊರೇ ಫೋನ್ ಮಾಡಿದ ದಿನ ಕೇಂದ್ರದ ಯಂತ್ರಕ್ಕೂ ಹೀಗೇ ಆಗಿತ್ತು. ಅದೇ ಹೊತ್ತಿಗೆ ಮೇಷ್ಟ್ರ ಹೆಂಡತಿಗೆ ಎದೆನೋವು ಬಂದಿತ್ತು. ಮೇಷ್ಟ್ರು ಮನೆ ಮುಟ್ಟಿದಾಗ ಆಕೆಯ ಉಸಿರು ನಿಂತಿತ್ತು; ಆಂಬುಲೆನ್ಸ್‌ಗೆಂದು ಹಿಡಿದ ಫೋನ್ ಇನ್ನೂ ಕೈಯಲ್ಲೇ ಇತ್ತು.

ರಜೆ ಹಾಕಿ ಎಂದು ಆಫೀಸಿನವರು ಗೋಗರೆದರೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. "ಯಾವನ ತಪ್ಪು ಅಂತ ಮೊದ್ಲು ಗೊತ್ತಾಗ್ಲಿ," ಎಂದಿದ್ದರು. ಅಲ್ಲಿ ಆ ಯಂತ್ರದ ಕೋಡ್ ಬರೆಯುವವರೆಲ್ಲ ಅವರ ಕೈಯಲ್ಲಿ ಪಳಗಿದವರೇ. ಮೇಷ್ಟ್ರು ಎಂಬ ಹೆಸರು ಬಂದದ್ದೂ ಹಾಗೆ. ತಪ್ಪು ನಮ್ಮದೇ ಇದ್ದರೆ ಎಂದು ಒಬ್ಬೊಬ್ಬರೂ ಜೀವ ಕೈಯಲ್ಲಿ ಹಿಡಿದುಕೊಂಡಿದ್ದರು.

ಯಂತ್ರದ ತಿರುಳಾದ ಕರ್ನಲ್ ಎಂಬ ಪ್ರೋಗ್ರಾಂಗೆ ಕೆಲಸ ಮಾಡಲು ಮೆಮೊರಿಯಲ್ಲಿ ಸಿಗುವುದು ಅಂಗೈಯಗಲದ ಜಾಗ. ಸ್ಟ್ಯಾಕ್ ಎನ್ನುತ್ತಾರೆ. ದಟ್ಟಣೆ ಹೆಚ್ಚಿದಾಗ ಒಂದು ಕೆಲಸ ಮುಗಿಯುವ ಮೊದಲೇ ಇನ್ನೊಂದು ಬಂದು ಅದರ ಮೇಲೆ ತನ್ನ ಸಾಮಾನು ಪೇರಿಸುತ್ತದೆ. ಜಾಗ ಮುಗಿಯಿತೋ, ಯಂತ್ರದ ಕಥೆಯೂ ಮುಗಿಯಿತು. ಬೀಳುವ ಮುನ್ನ ಅದು ಪರದೆಯ ಮೇಲೆ ಉಗುಳಿದ ಸಾಲುಗಳಲ್ಲಿ ಒಂದೇ ಫಂಕ್ಷನ್, ಅಂದರೆ ಕೋಡಿನ ಒಂದೇ ತುಣುಕು, ಮತ್ತೆ ಮತ್ತೆ ಕಾಣುತ್ತಿತ್ತು. ಸಂದೇಶ ಬರೆದಿಡಲೆಂದು ಯಾರೋ ಅದರೊಳಗೆ ಆ ಅಂಗೈಯಗಲದ ಜಾಗವನ್ನೇ ನುಂಗುವ ದೊಡ್ಡದೊಂದು ಬಫರ್ ಇಟ್ಟಿದ್ದರು.

ಅದನ್ನು ಬರೆದವರ ಹೆಸರಿದ್ದ ಪರದೆಯನ್ನು ಟೆಸ್ಟರ್ ತನ್ನತ್ತ ತಿರುಗಿಸಿಕೊಂಡಳು. "ಯಾರದಾದ್ರೇನು ಬಿಡಿ. ತೆಗೆದುಹಾಕೋಣ."

"ಯಾರದು?"

ಮೇಷ್ಟ್ರು ಎದ್ದು ಬಂದು ನೋಡಿದರು.

"ನಂದು," ಎಂದರು. "ಹಿಂದೆ ಒಂದು ತೊಂದರೆ ಹುಡುಕೋಕೆ ಇಟ್ಟಿದ್ದೆ. ಸಿಕ್ಕಿದ್ಮೇಲೆ ತೆಗೀಬೇಕಿತ್ತು."

"ಇದೇ ಕಾರಣ ಅಂತ ಯಾರು ಹೇಳಿದ್ರು? ಇದನ್ನ ತೆಗೆದ್ರೂ ಬೀಳಬಹುದು ಮೇಷ್ಟ್ರೇ!"

ಆ ಮಾತಿಗೆ ಅವರು ಅವಳ ಮುಖವನ್ನೇ ನೋಡಿದರು. ನಂತರ ತಾವೇ ಕೂತು ಬಫರ್‌ನ ಆ ಸಾಲನ್ನು ಅಳಿಸಿದರು.

ಯಂತ್ರವನ್ನು ಮತ್ತೆ ಶುರುಮಾಡಿದರು; ದಟ್ಟಣೆ ಬೆಂಕಿಯ ದಿನದಷ್ಟಾಯಿತು. ಯಂತ್ರ ಬೀಳಲಿಲ್ಲ.

"ಇನ್ನೂ ಏರಿಸು."

"ಆಗ್ಲೇ ಅದರ ದುಪ್ಪಟ್ಟಾಯ್ತು..."

"ಏರಿಸಮ್ಮ."

ಅವಳು ಏರಿಸಿದಳು. ಕಣ್ಣಲ್ಲಿ ನೀರು ತುಂಬಿ ಅಂಕಿಗಳು ಕಾಣುತ್ತಿರಲಿಲ್ಲ. ಬೀಳಲಿ, ಒಂದೇ ಒಂದು ಸಲ ಬೀಳಲಿ, ಆಗ ತಪ್ಪು ನನ್ನ ಸಾಲಿನದಲ್ಲ ಎಂದು ಮೇಷ್ಟ್ರು ಮೇಜಿನ ಅಂಚು ಹಿಡಿದು ಕಾಯುತ್ತಿದ್ದರು. ಯಂತ್ರದ ಫ್ಯಾನ್ ಜೋರಾಗಿ ತಿರುಗತೊಡಗಿತು. ಪರದೆಯ ಮೇಲೆ ಕರೆಗಳು ಒಂದರ ಹಿಂದೊಂದು ಬಂದು, ಒಂದೂ ತಪ್ಪದೆ, ಸೇರಬೇಕಾದಲ್ಲಿಗೆ ಸೇರುತ್ತಲೇ ಇದ್ದವು.