ಚೆನ್ನಾಗಿದೆ ಅನ್ನಬೇಡಿ

ಬಲ್ಬು ಈಗ ಬಲ್ಬಿನ ಹಾಗೇ ಕಾಣುತ್ತಿದೆ, ಕಾರಿನ ಬಾನೆಟ್ಟಿನ ಕಪ್ಪಿನೊಳಗೆ ದುಂಡಗೆ ಒಂದು ಬೆಳಕು, ಅದರ ಸುತ್ತ ಏನೂ ಇಲ್ಲ — ಬೆಳಿಗ್ಗೆ ಇದೇ ಜಾಗದಲ್ಲಿ ಬೆಳಕನ್ನು ನಡುವೆ ಇಟ್ಟುಕೊಂಡು ಜೇಡ ಬಲೆ ನೇಯ್ದ ಹಾಗೆ ಸುತ್ತು ಸುತ್ತಾಗಿ ಸಣ್ಣ ಸಣ್ಣ ಗೀರುಗಳಿದ್ದವು, ಈಗ ಬಲೆಯೂ ಇಲ್ಲ ಜೇಡವೂ ಇಲ್ಲ, ಪಾಲಿಷ್ ಮಿಷನ್ ಆರಿಸಿಯಾಗಿದೆ, ಆರಿಸಿದ ಮೇಲೂ ಅದರ ನಡುಕ ಮಾತ್ರ ಅಂಗೈಯಿಂದ ಮೊಣಕೈಯವರೆಗೆ ಓಡಾಡುತ್ತಿದೆ, ದಿನವಿಡೀ ಹೊಲಿಗೆ ಮಿಷನ್ ತುಳಿದು ಎದ್ದಾಗ ಪಾದದಲ್ಲಿ ಓಡಾಡುತ್ತದಲ್ಲ, ಹಾಗೆ, ಮತ್ತು ಮನೆಯೆಲ್ಲ ಇದ್ದಕ್ಕಿದ್ದ ಹಾಗೆ ಎಷ್ಟು ಸುಮ್ಮನಾಗಿದೆ, ಒಳಗೆ ಅತ್ತೆ ತಟ್ಟೆ ಜೋಡಿಸುವ ಸದ್ದು, ಮಗಳು ಪೆನ್ಸಿಲ್ ಚೂಪು ಮಾಡುವ ಸದ್ದು, ಕಿಟಕಿಯ ಆಚೆ ಕುರ್ಚಿಯಲ್ಲಿ ನಮ್ಮವರು, ಅವರದು ಏನೂ ಸದ್ದಿಲ್ಲ, ಉಸಿರು ಕೂಡ — ಆದರೂ ಕೂತಿದ್ದಾರಲ್ಲ, ನೆಟ್ಟಗೆ, ಎಲ್ಲರ ಹಾಗೆ ಬೆನ್ನು ಆನಿಸಿ ಕೂತಿದ್ದಾರೆ, ಅಷ್ಟೇ ಸಾಕು ಅನ್ನುವಷ್ಟು ಹಗುರ ನನಗೆ, ನಿನ್ನೆ ಡಾಕ್ಟರು ಇವರ ಕಣ್ಣಿಗೆ ದೀಪ ಹಿಡಿದು ನೋಡಿ ಅಂಟಿಕೊಂಡಿದೆ ಕಣಮ್ಮ ಅಂದ ಗಳಿಗೆಯಿಂದ ಈ ಹಗುರ ಇಳಿದೇ ಇಲ್ಲ, ಹೆಗಲ ಮೇಲಿದ್ದ ಮೂಟೆಯನ್ನು ಯಾರೋ ಹಿಂದಿನಿಂದ ಎತ್ತಿಕೊಂಡ ಹಾಗೆ, ತಿರುಗಿ ನೋಡಿದರೆ ಮತ್ತೆ ಇಟ್ಟುಬಿಟ್ಟಾರು ಅಂತ ತಿರುಗಿಯೂ ನೋಡದ ಹಾಗೆ.

ಮುಗೀತಾ, ಅಂತ ಕಿಟಕಿಯಿಂದ ಕೇಳುತ್ತಾರೆ, ಇಲ್ಲ ರೀ, ಸ್ಪಿರಿಟ್ ಒರೆಸಿ ಸೀಲಂಟ್ ಹಾಕೋದು ಬಾಕಿ, ಸರಿ, ಎಲ್ಲ ಮುಗಿದ ಮೇಲೆ ಕರಿ, ಬಂದು ನೋಡ್ತೀನಿ. ನೋಡ್ತೀನಿ — ಎಷ್ಟು ಸಲೀಸಾಗಿ ಅಂದರು, ನೋಡುವುದು ಯಾವತ್ತೂ ಅನುಮಾನದ ವಿಷಯವೇ ಆಗಿರಲಿಲ್ಲ ಅನ್ನುವ ಹಾಗೆ. ನಾನು ಬಟ್ಟೆಗೆ ಸ್ಪಿರಿಟ್ ಚಿಮುಕಿಸಿ ಬಾನೆಟ್ ಒರೆಸುತ್ತೇನೆ, ಪಾಲಿಷಿನ ಎಣ್ಣೆ ಹೋಗಬೇಕು, ಎಣ್ಣೆ ಇದ್ದರೆ ಗೀರು ಅದರೊಳಗೆ ಅಡಗಿ ಕೂತು ಇಲ್ಲ ಅನಿಸುತ್ತೆ, ಒರೆಸಿದಾಗಲೇ ನಿಜ ಗೊತ್ತಾಗೋದು, ಇದೂ ಅವರ ಮಾತೇ, ಗ್ಯಾರೇಜಿನಲ್ಲಿ ಬಣ್ಣ ಹೊಡೆದು ಒಣಗಿದ ಗಾಡಿಗಳೆಲ್ಲ ಕೊನೆಗೆ ಇವರ ಕೈಗೇ ಬರೋದು, ಕೊನೆಯ ಪಾಲಿಷ್, ಕೊನೆಯ ನೋಟ, ಇವರು ಹೂಂ ಅಂದರೆ ಗಾಡಿ ಹೊರಗೆ, ಇಲ್ಲವಾದರೆ ಮತ್ತೆ ಒಳಗೆ, ಅಲ್ಲಿ ಹುಡುಗರು ಇವರಿಗೆ ಇಟ್ಟ ಹೆಸರು ಭೂತಗನ್ನಡಿ, ಎದುರಿಗೇ ಹಾಗೆ ಕರೆಯುತ್ತಾರೆ, ಇವರಿಗೂ ಅದರಲ್ಲಿ ಒಳಗೊಳಗೇ ಜಂಬ. ಭೂತಗನ್ನಡಿಗೆ ಇದ್ದದ್ದು ಒಂದೇ ಗಾಜು ಅನ್ನೋದು ಹುಡುಗರಿಗೆ ಗೊತ್ತಿರಲಿಲ್ಲ — ಎಡಗಣ್ಣು ಹುಟ್ಟಿನಿಂದಲೇ ಸೋಮಾರಿ, ಮಂಜು ಮಂಜು, ಎಲ್ಲ ಕೆಲಸ ಬಲಗಣ್ಣಿನದು, ಆ ಬಲಗಣ್ಣಿನಲ್ಲೇ ಒಂದು ದಿನ ಊಟಕ್ಕೆ ಕೂತಾಗ ನೆರಳು ಇಳಿದು, ಯಾಕೆ ಕಿಟಕಿಗೆ ಪರದೆ ಇಳಿಸಿದೆ ಅಂದರು, ನಾನು ಇಳಿಸಿರಲಿಲ್ಲ.

ಅಸ್ತರು ಕಿತ್ತು ಬಂದಿದೆ, ಹಾಗೆ ಅರ್ಥ ಮಾಡಿಕೊಂಡೆ ನಾನು, ಡಾಕ್ಟರು ಚಿತ್ರ ಬರೆದು ಕಣ್ಣಿನ ಹಿಂಬದಿಯ ಪೊರೆ ಗೋಡೆಯಿಂದ ಬಿಟ್ಟುಕೊಂಡಿದೆ ಅಂದಾಗ, ಕೋಟಿನ ಅಸ್ತರಾಗಿದ್ದರೆ ಎರಡು ಹೊಲಿಗೆ ಹಾಕಿ ಕೊಡುತ್ತಿದ್ದೆ, ಕಣ್ಣಿಗೆ ಹೊಲಿಗೆ ಸಾಲದಂತೆ, ಒಳಗೆ ಗಾಳಿಯ ಗುಳ್ಳೆ ಬಿಟ್ಟು ಅದರಿಂದ ಒತ್ತಿ ಹಿಡಿಯಬೇಕಂತೆ, ಗುಳ್ಳೆ ಮೇಲಕ್ಕೇ ಏರುತ್ತಲ್ಲ, ಅದು ಹಿಂದಿನ ಗೋಡೆಗೇ ಒತ್ತಬೇಕಾದರೆ ಮನುಷ್ಯ ಮುಖ ಕೆಳಗೆ ಮಾಡಿಯೇ ಇರಬೇಕಂತೆ, ಮಲಗುವಾಗ, ಕೂರುವಾಗ, ಉಣ್ಣುವಾಗ — ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯೋದು ಕೇಳಿದ್ದೆ, ನಾವು ಕಣ್ಣಿಗೆ ಗಾಳಿ ಬಿಟ್ಕೊಂಡು ಕಾಯೋರು ಅಂತ ಇವರದೇ ತಮಾಷೆ, ನೆಲಕ್ಕೆ ಹೇಳಿದ ತಮಾಷೆ. ಮಂಚದ ಅಂಚಿನಲ್ಲಿ ಎರಡು ದಿಂಬಿನ ಸಂದಿಯಿಂದ ಮುಖ ಕೆಳಗೆ ಇಳಿಬಿಟ್ಟು ಮಲಗಿದ ಆ ದಿನಗಳಲ್ಲಿ ನನಗೆ ಕಂಡದ್ದು ಅವರ ಹೆಡಕು ಮಾತ್ರ, ಇಷ್ಟು ವರ್ಷ ನೋಡಿರದ ಒಂದು ಮಚ್ಚೆ ಅಲ್ಲಿತ್ತು, ಮುಖ ನೋಡಬೇಕು ಅನಿಸಿದಾಗ ನಾನೇ ನೆಲದ ಮೇಲೆ ಅಂಗಾತ ಮಲಗಿ ಮಂಚದ ಕೆಳಗೆ ಜರುಗುತ್ತಿದ್ದೆ, ಮೇಲಿನಿಂದ ಅವರ ಮುಖ, ರಕ್ತವೆಲ್ಲ ಇಳಿದು ಕೆಂಪಗೆ ಊದಿದ ಮುಖ, ಅಂತೂ ನೀನು ನನ್ನ ಕಾಲ ಕೆಳಗೆ ಬಿದ್ದೆಯಲ್ಲ ಅನ್ನೋರು, ಕಾಲಲ್ಲ ಮೂಗಿನ ಕೆಳಗೆ, ಸೀನಿಗೀನಿಬಿಟ್ಟೀರಿ ಅಂತ ನಾನು, ಕಾಣ್ತಿದೀನಾ ಅಂತ ಕೇಳಲಿಲ್ಲ ನಾನು, ಒಂದು ಸಲವೂ ಕೇಳಲಿಲ್ಲ.

ಅತ್ತೆ ಕಾರು ತೊಳೆದದ್ದು ಆ ದಿನಗಳಲ್ಲೇ. ತೊಳೆದದ್ದೇನು, ಬೆಳಗಿದ್ದು. ಮಗ ಬೋರಲು ಬಿದ್ದಿದ್ದಾನೆ, ಹೆತ್ತವಳು ಏನು ಮಾಡಬೇಕು, ಗಂಜಿ ಕುಡಿಸಲು ಹೋದರೆ ಮುಖ ಸಿಗೋದಿಲ್ಲ, ಹಣೆ ಸವರಲು ಹೋದರೆ ಹಣೆ ದಿಂಬಿನೊಳಗೆ, ಆ ಕೈಗಳಿಗೆ ಕೆಲಸ ಬೇಕಿತ್ತು, ಹೊರಗೆ ಬಂದರೆ ಮಗ ತಾನೇ ಬಣ್ಣ ಹೊಡೆದು ಕಣ್ಣಿನಷ್ಟೇ ಜೋಪಾನ ಮಾಡುತ್ತಿದ್ದ ಕಪ್ಪು ಕಾರು ದೂಳು ಹಿಡಿದು ನಿಂತಿದೆ, ಪಾತ್ರೆ ತೊಳೆಯುವ ಸೋಪು, ಪಾತ್ರೆ ತೊಳೆಯುವ ಸ್ಪಂಜು, ಪಾತ್ರೆ ತೊಳೆಯುವ ವರಸೆ, ಬಾಣಲೆಯ ತಳ ಬೆಳಗಿದ ಹಾಗೆ ಗುಂಡಗೆ ಗುಂಡಗೆ ತಿಕ್ಕಿ, ಬೆವರೊರೆಸಿಕೊಂಡು, ನಾನು ಹೊಲಿಗೆ ಅಂಗಡಿಯಿಂದ ಬಂದಾಗ ಎಷ್ಟು ಖುಷಿಯಲ್ಲಿ ನಿಂತಿದ್ದರು, ನೋಡೇ, ನನ್ನ ಪಾತ್ರೇಲಿ ಮುಖ ಕಾಣುತ್ತೆ, ಇದರಲ್ಲೂ ಕಾಣೋ ಹಾಗೆ ಮಾಡಿದೀನಿ. ಒದ್ದೆ ಇರುವಾಗ ಕಾಣಿಸಿತು ಕೂಡ. ಒಣಗಿ ಬಿಸಿಲು ಬಿದ್ದ ಮೇಲೆ ಬಾಗಿಲು, ಬಾನೆಟ್, ಟಾಪು, ಎಲ್ಲೆಲ್ಲೂ ಸುಳಿ ಸುಳಿ ಗೀರು, ಅಯ್ಯೋ ಇದೇನೇ, ನಾನು ಮೆತ್ತಗಿರೋ ಕಡೆಯಿಂದಲೇ ತಿಕ್ಕಿದ್ದು ಕಣೇ, ಮೆತ್ತಗಿರೋ ಕಡೆಯಿಂದಲೇ — ಆ ಮುಖ ನೋಡಲಾರದೆ, ಬಿಡಿ ಅತ್ತೆ, ಅವರಿಗೆ ಹೇಳೋದು ಬೇಡ, ಏನಾದರೂ ಮಾಡೋಣ ಅಂದೆ. ಹೇಳಬೇಕಾದ್ದೇ ಇರಲಿಲ್ಲ. ಸಂಜೆ ಮಂಚದ ಕೆಳಗೆ ಜರುಗಿದಾಗ ಮೇಲಿನಿಂದ ಮುಖ ಹೇಳಿತು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಳು ನಮ್ಮಮ್ಮ. ಕೇಳಿಸ್ತಾ ನಿಮಗೆ? ಕಿಟಕಿ ಪಕ್ಕದಲ್ಲೇ ಇದೀನಲ್ಲ, ಒಣ ದೂಳಿನ ಮೇಲೆ ಸ್ಪಂಜು ಓಡಿದರೆ ಹಲ್ಲು ಜುಮ್ಮನ್ನುತ್ತೆ. ಕೂಗಬಾರದಿತ್ತಾ, ಅಂದೆ. ತಿಕ್ತಾ ತಿಕ್ತಾ ಏನೋ ಗುನುಗ್ತಿದ್ದಳು ಕಣೇ, ನಂಗೆ ಆಪರೇಷನ್ ಆದಾಗಿಂದ ಅವಳ ಬಾಯಲ್ಲಿ ಒಂದು ರಾಗ ಬಂದಿರಲಿಲ್ಲ, ಹೋಗ್ಲಿ ಬಿಡು ಬಣ್ಣ ತಾನೆ, ಅಂದರು.

ಆ ಮೇಲಿನ ವಾರಗಳೆಲ್ಲ ಅಂಗಡಿಯಿಂದ ಬಂದು ದಿನಕ್ಕೊಂದು ಬಾಗಿಲು, ದಿನಕ್ಕೊಂದು ಮೂಲೆ, ಗ್ಯಾರೇಜಿನಿಂದ ಮಿಷನ್ ತರಿಸಿ, ಕಿಟಕಿಯ ಒಳಗೆ ತಲೆ ತಗ್ಗಿಸಿ ಕೂತ ಗುರು, ಹೊರಗೆ ಶಿಷ್ಯೆ, ಮೊದಲು ಜೇಡಿಮಣ್ಣಿನಂಥ ಆ ಮುದ್ದೆಯಿಂದ ಸವರು, ಅಂಚಿಗೆಲ್ಲ ಟೇಪು ಹಚ್ಚು, ಅಂಚಿನಲ್ಲಿ ಬಣ್ಣ ತೆಳು, ಕಡಲೆಕಾಳಿನಷ್ಟು ಪಾಲಿಷ್ ಇಡು, ಜಾಸ್ತಿ ಬೇಡ, ಒತ್ತಬೇಡ ಮಾರಾಯ್ತಿ, ಮಿಷನ್ ಉಸಿರು ಕಟ್ತಿದೆ ಕೇಳಿಸಲ್ವಾ, ಒಂದೇ ಕಡೆ ನಿಲ್ಲಿಸಬೇಡ, ಇಸ್ತ್ರಿ ಪೆಟ್ಟಿಗೆ ನಿಲ್ಲಿಸ್ತೀಯಾ ರೇಷ್ಮೆ ಮೇಲೆ — ಹಾಂ, ಅದು ಹೇಳಿ ಮೊದಲೇ, ಇಸ್ತ್ರಿ ಅಂದ ಮೇಲೆ ಕೈಗೆ ಬಂತು, ಅಡ್ಡ ಒಂದು ಸಾಲು, ಉದ್ದ ಒಂದು ಸಾಲು, ನಿಧಾನ, ಈಗ ಸರಿಯಾಗಿ ಹಾಡ್ತಿದೆ ನೋಡು ಅಂತ ಒಳಗಿನಿಂದ. ಕಿವಿಯಿಂದಲೇ ಎಲ್ಲ. ಅದೇ ಭಯ ಈಗ, ಹಗುರದ ನಡುವೆ ಸಣ್ಣ ಮುಳ್ಳು — ಇವರು ಕಿವಿಯಿಂದ ಎಷ್ಟು ಚೆನ್ನಾಗಿ ನೋಡುತ್ತಾರೆಂದರೆ ಕಣ್ಣಿಂದ ಎಷ್ಟು ನೋಡುತ್ತಾರೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಅಂಟಿಕೊಂಡಿದೆ, ಗುಳ್ಳೆಯೂ ಕರಗಿದೆ, ಇನ್ನು ನೋಟ ಎಷ್ಟು ವಾಪಸ್ ಬರುತ್ತೆ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ, ಅವರೇ ಹೇಳಬೇಕು, ಅಂದರು ಡಾಕ್ಟರು ನಿನ್ನೆ. ಅವರು ಹೇಳಿದರು ಕೂಡ, ಗೋಡೆಯ ಬೋರ್ಡಿನ ಅಕ್ಷರಗಳನ್ನು ಸಾಲು ಸಾಲಾಗಿ ಓದಿದರು, ಡಾಕ್ಟರು ಭೇಷ್ ಅಂದರು, ಆದರೆ ಅದಕ್ಕೆ ಮುಂಚೆ ಹೊರಗೆ ಬೆಂಚಿನ ಮೇಲೆ ನಾವು ಎಷ್ಟು ಹೊತ್ತು ಕೂತಿದ್ದೆವು, ಒಳಗೆ ಹೋದವರೆಲ್ಲ ಅದೇ ಸಾಲುಗಳನ್ನು ಗಟ್ಟಿಯಾಗಿ ಓದುತ್ತಿದ್ದರು, ನನಗೇ ಬಾಯಿಪಾಠ ಆಗಿತ್ತು, ಇವರ ಕಿವಿಗೆ ಆಗಿರಲ್ವಾ. ದಾರಿಯುದ್ದಕ್ಕೂ ಕಾಣ್ತಿದೆ ಬಿಡು ಅಂದರು. ಮನೆಯಲ್ಲಿ ಅಮ್ಮನಿಗೆ, ಕಾಣ್ತಿದೆ ಬಿಡಮ್ಮ. ಮಗಳು ಹಾಳೆ ಹಿಡಿದು ಬಂದಳು, ಅಪ್ಪಾ ನಾನು ಬರೆದದ್ದು, ಇವರು ಹಾಳೆಯನ್ನು ಕೈಯಲ್ಲಿ ಹಿಡಿದು, ಚೆನ್ನಾಗಿದೆ ಪುಟ್ಟಿ, ಆನೆ ತುಂಬಾ ಚೆನ್ನಾಗಿದೆ. ಅವಳು ಥ್ಯಾಂಕ್ಸ್ ಅಪ್ಪಾ ಅಂತ ಸೀದಾ ಅಡುಗೆಮನೆಗೆ ಬಂದು ನನ್ನ ಸೊಂಟಕ್ಕೆ ಮುಖ ಒತ್ತಿ, ಅಮ್ಮಾ ಅದು ಆನೆ ಅಲ್ಲ, ನದಿಗಳ ನಕಾಶೆ, ಅಂತ ಪಿಸುಗುಟ್ಟಿದಳು. ಯಾರಿಗೂ ಹೇಳಬೇಡ ಅಂದೆ. ಎಂಟು ವರ್ಷದ ಮಗು ಗುಟ್ಟು ಕಟ್ಟಿಕೊಂಡು ಊಟ ಮಾಡಿತು. ಕೋಣೆಯಲ್ಲಿ ಬೆಳಕು ಕಡಿಮೆ ಇತ್ತು ಅಂದುಕೊಳ್ಳಲೇ, ಕಪ್ಪು ಕನ್ನಡಕ ಹಾಕಿಕೊಂಡಿದ್ದರು ಅಂದುಕೊಳ್ಳಲೇ, ಹಾಕಿಕೊಂಡಿದ್ದರು ನಿಜ, ಆದರೆ ಇವರು ಜನ್ಮದಲ್ಲಿ ಯಾವುದನ್ನೂ ಒಂದೇ ಸಲಕ್ಕೆ ಚೆನ್ನಾಗಿದೆ ಅಂದವರಲ್ಲ, ನಾನು ಹೊಲಿದ ಮೊದಲ ಅಂಗಿಯಲ್ಲಿ ಕಾಲರಿನ ಒಂದು ಹೊಲಿಗೆ ದಾರಿ ತಪ್ಪಿದ್ದನ್ನು ಮದುವೆಯಾದ ತಿಂಗಳಲ್ಲೇ ಬೆರಳಿಟ್ಟು ತೋರಿಸಿದ ಮನುಷ್ಯ, ಆವತ್ತು ಎಷ್ಟು ಅತ್ತಿದ್ದೆ. ಈಗ ಚೆನ್ನಾಗಿದೆ ಅಂದರೆ ಅಳಬೇಕು. ಕಾರು ನೋಡಿ ಚೆನ್ನಾಗಿದೆ ಅಂದರೆ ಮುಗಿಯಿತು, ಕಾಣುತ್ತಿಲ್ಲ ಅಂತಲೇ ಅರ್ಥ, ಗ್ಯಾರೇಜಿಲ್ಲ, ಭೂತಗನ್ನಡಿ ಇಲ್ಲ, ಬೈಯಲಿ ದೇವರೇ, ನಾಲ್ಕು ಜನರ ಮುಂದೆ ಬೈಯಲಿ.

ಸೀಲಂಟ್ ಹಚ್ಚುತ್ತಿದ್ದೇನೆ, ಹೊಳಪು ಕಾಯುವ ಲೇಪ, ಸ್ಪಂಜಿನ ತುದಿಗೆ ಸ್ವಲ್ಪವೇ, ಕೆನೆಯ ಹಾಗೆ ತೆಳ್ಳಗೆ, ದಪ್ಪ ಹಚ್ಚಿದರೆ ಒರೆಸೋಕೆ ನಿಮ್ಮಪ್ಪ ಬರಬೇಕು ಅಂದಿದ್ದರು, ಟಾಪಿಗೆ, ಬಾಗಿಲುಗಳಿಗೆ, ಕೊನೆಗೆ ಬಾನೆಟ್ಟಿಗೆ, ಕಪ್ಪೆಲ್ಲ ಬೂದು ಮುಸುಕು ಹಾಕಿಕೊಳ್ಳುತ್ತದೆ, ಬೆರಳಿನಿಂದ ಗೀಟು ಎಳೆದು ನೋಡುತ್ತೇನೆ, ಒಣಗಿದೆ, ಮೆತ್ತನೆಯ ಟವೆಲಿನಿಂದ ಒರೆಸಿದರೆ ಮುಸುಕಿನ ಕೆಳಗಿಂದ ಕಪ್ಪು ಬರುತ್ತದೆ, ಬೆಳಿಗ್ಗೆಯದಕ್ಕಿಂತ ಆಳ, ಕೈ ಹಾಕಿದರೆ ಮೊಣಕೈವರೆಗೆ ಇಳಿದೀತು ಅನ್ನುವಂಥ ಕಪ್ಪು, ಅವರನ್ನು ಕರೆಯದೆ ಒರೆಸಿದ್ದನ್ನೇ ಒರೆಸುತ್ತೇನೆ, ಅತ್ತೆಯೇ ಬಾಗಿಲಿಗೆ ಬಂದು ಕೆನ್ನೆಗೆ ಕೈಯಿಟ್ಟುಕೊಂಡು, ಅಬ್ಬಾ, ನಾನು ಮಾಡಿದ್ದೆಲ್ಲ ಹೋಯ್ತಲ್ಲೇ, ಬಾರೋ, ಬಂದು ನೋಡೋ, ನಿನ್ನ ಹೆಂಡತಿ ಕಾರನ್ನ ಮತ್ತೆ ಹೆತ್ತಿದಾಳೆ — ಕುರ್ಚಿ ಜರುಗಿದ ಸದ್ದು, ಚಪ್ಪಲಿ ಹುಡುಕುವ ಕಾಲಿನ ಸದ್ದು, ಬಂದರು. ಕಪ್ಪು ಕನ್ನಡಕ ತೆಗೆದು ಜೇಬಿಗೆ ಹಾಕಿದರು. ಹಿಂದಿನಿಂದ ಶುರು ಮಾಡಿದರು, ಗ್ಯಾರೇಜಿನಲ್ಲಿ ಹೀಗೇ ಅಂತೆ, ಮಾತಿಲ್ಲ, ಕೈ ಬೆನ್ನ ಹಿಂದೆ, ನಾನು ಕಾರು ನೋಡುತ್ತಿಲ್ಲ, ಅವರ ತುಟಿ ನೋಡುತ್ತಿದ್ದೇನೆ, ಹಿಂದಿನ ಬಾಗಿಲು ಆಯಿತು, ಮುಂದಿನ ಬಾಗಿಲು ಆಯಿತು, ಚೆನ್ನಾಗಿದೆ ಅಲ್ವೇನೋ ಅಂತ ಅತ್ತೆ, ಅಯ್ಯೋ ಯಾಕೆ ಅತ್ತೆ ಆ ಮಾತು ಬಾಯಿಗೆ ಕೊಟ್ಟಿರಿ, ಹೂಂ ಅಂದರು, ಹೂಂ ಅಂದುಬಿಟ್ಟರು, ನನ್ನ ಕೈಯ ಟವೆಲು ಒದ್ದೆಯಾಗಿದೆ, ಬೆವರಿಗೆ. ಬಾನೆಟ್ಟಿನ ಹತ್ತಿರ ನಿಂತರು. ಲೈಟು ಕೊಡು. ಕೊಟ್ಟೆ. ಓರೆಯಾಗಿ ಹಿಡಿದರು, ಇನ್ನೂ ಓರೆ, ಬಗ್ಗಿದರು, ಮೂಗು ತಾಗುವಷ್ಟು, ಎಷ್ಟು ಹೊತ್ತು — ಬಾ ಇಲ್ಲಿ. ಏನಿದು. ನಾನು ಬಗ್ಗಿದೆ, ನನಗೆ ಏನೂ ಕಾಣಲಿಲ್ಲ, ಎಲ್ಲಿ ರೀ. ಇಲ್ಲಿ, ಅಂದರು, ಉಗುರಿನ ತುದಿ ಬಣ್ಣಕ್ಕೆ ಒಂದು ಕೂದಲೆಳೆ ದೂರ, ಕೂದಲು ಕಣೇ, ಮೇಲೆ ಬಿದ್ದಿದ್ದಲ್ಲ, ಸೀಲಂಟಿನ ಜೊತೆ ಅಂಟಿ ಒಣಗಿದೆ, ತಲೆಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡಬೇಕು ಅಂತ ಯಾರೂ ಹೇಳಿಕೊಡಲಿಲ್ವಾ ನಿಂಗೆ, ಗ್ಯಾರೇಜಲ್ಲಾಗಿದ್ರೆ ಕೈ ಮೇಲೆ ಹಾಕ್ತಿದ್ದೆ ಎರಡು, ಇಷ್ಟು ವಾರಗಳ ಕೆಲಸ ಕೆಡಿಸಿದೆ — ಬೈಯುತ್ತಿದ್ದಾರೆ, ನಾಲ್ಕು ಜನರ ಮುಂದೆ ಬೈಯುತ್ತಿದ್ದಾರೆ, ಮಗಳು ಬಾಗಿಲಿನಿಂದ ಓಡಿ ಬಂದಳು, ಅತ್ತೆ ನಡುವೆ ಬಂದು, ಅವಳನ್ನ ಯಾಕೋ ಅಂತೀಯ, ಬಿಳಿ ಕೂದಲು ಅಂದ ಮೇಲೆ ನಂದೇ ಇರಬೇಕು, ಗಾಳಿಗೆ ಹಾರಿ ಬಂದಿರುತ್ತೆ. ಬಿಳಿ ಅಂತ ನಾನೆಲ್ಲಿ ಹೇಳಿದೆ, ಅಂದರು, ಆದರೆ ಬಿಳಿಯೇ ಹೌದು, ನಿಂದಲ್ಲಮ್ಮ, ನಿಂದು ಗುಂಗುರು, ಇದು ನೆಟ್ಟಗಿದೆ. ಅಂದರು. ಲೈಟು ಕೆಳಗಿಳಿಸಿದರು. ನನ್ನ ದನಿಯ ಕಡೆಗಲ್ಲ, ನನ್ನ ತಲೆಯ ಕಡೆಗೆ, ಬೈತಲೆಯ ಕಡೆಗೆ ನೋಡಿದರು, ನೋಡುತ್ತಲೇ ಇದ್ದರು, ಯಾವಾಗ ಬಂತೇ ಇದು. ಗೊತ್ತಿಲ್ಲ ರೀ, ನೀವು ಬೋರಲಾಗಿದ್ದಾಗ ಬಂದಿರಬೇಕು, ಅನ್ನಬೇಕೆಂದುಕೊಂಡವಳು ಕಣ್ಣೊರೆಸಿಕೊಂಡು ಮತ್ತೆ ಬಗ್ಗಿದೆ, ಲೈಟು ಮತ್ತೆ ಓರೆಯಾಯಿತು, ಅವರ ಉಗುರು ಅಲ್ಲೇ ಇತ್ತು, ಅದರ ತುದಿಯಲ್ಲಿ ಈಗ ನನಗೂ ಕಂಡಿತು, ಕಪ್ಪಿನ ಆಳದಲ್ಲಿ, ನೆಟ್ಟಗೆ, ಬೆಳ್ಳಗೆ, ನನ್ನದು, ಒಂದು ಎಳೆ, ಬಿಳಿ, ಒಂದೇ ಎಳೆ —