ಎರಡನೆಯ ಬ್ರೇಕ್

“ಅವಳನ್ನ ಆಚೆ ಕಳಿಸು. ಅಪ್ಪನ್ನ ಕೊಂದ ಕೈ ಹೆಣ ಮುಟ್ಟಬಾರದು,” ಎನ್ನುತ್ತ ಮೇಷ್ಟ್ರ ತಂಗಿ ಹುಡುಗಿಯ ರಟ್ಟೆ ಹಿಡಿದು ಎಳೆಯುತ್ತಿದ್ದಳು. ಹುಡುಗಿ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಿದ್ದಳು.

ಮೇಷ್ಟ್ರ ಹೆಂಡತಿ ಹೆಣದ ಪಕ್ಕದಿಂದ ಮಗಳನ್ನು ನೋಡಿದಳು. ಏಳಲಿಲ್ಲ.

ಊರಿಗೆಲ್ಲ ಡ್ರೈವಿಂಗ್ ಕಲಿಸಿದ ಮೇಷ್ಟ್ರು ಮಗಳ ಕೈಯಲ್ಲಿದ್ದ ಕಾರಿಗೇ ಸಿಕ್ಕಿ ಸತ್ತಿದ್ದರು. ಅವಳಿಗೆ ಲೈಸೆನ್ಸ್ ಬಂದು ವಾರವೂ ಆಗಿರಲಿಲ್ಲ. ನಿನ್ನೆ ಸೋದರಮಾವನ ಹೊಸ ಕಾರನ್ನು ಶೆಡ್ಡಿಗೆ ತರುವಾಗ ಅಪ್ಪ ಗೋಡೆಗೆ ಬೆನ್ನು ಹಾಕಿ ನಿಂತು “ಬಾ, ಬಾ” ಎಂದು ಕೈ ಬೀಸಿದ್ದರು. ಕಾರು ಬಂತು. ನಿಲ್ಲಲಿಲ್ಲ.

ಜಗಲಿಯಲ್ಲಿ ಹಳೆಯ ಶಿಷ್ಯರು ಸೇರಿದ್ದರು.

“ಹೆಲ್ಮೆಟ್ ಕೈಗೆ ನೇತುಹಾಕ್ಕೊಂಡು ಹೋಗ್ತಿದ್ದೆ. ‘ಮಿದುಳು ಮೊಣಕೈಲಿ ಇದೆಯೇನೋ?’ ಅಂತ ಬೈದಿದ್ರು,” ಎಂದ ದರ್ಜಿ.

“ಸೈಕಲ್ಲಿನವನಿಗೆ ದಾರಿ ಬಿಡಲಿಲ್ಲ ಅಂತ ನನ್ನನ್ನ ಕಾರಿಂದ ಇಳಿಸಿ ಮನೆವರೆಗೂ ನಡೆಸಿದ್ರು,” ಎಂದ ಬೇಕರಿಯವ. “ಅವರ ಹತ್ರ ಕಲಿತೋರು ಯಾರೂ ಎಲ್ಲೂ ಗುದ್ದಿಲ್ಲ ಬಿಡಿ.”

“ಮಗಳೊಬ್ಬಳನ್ನ ಬಿಟ್ಟು.”

ಯಾರೋ ಕಿಸಕ್ಕನೆ ನಕ್ಕು, ಕೆಮ್ಮಿ ಮುಚ್ಚಿಕೊಂಡರು.

*

“ಎಷ್ಟು ಬೇಗ ಕಲಿತುಬಿಟ್ಳಲ್ರೀ!” ಎಂದು ಹೋದ ತಿಂಗಳು ಮಗಳ ಬಗ್ಗೆ ಹೆಂಡತಿ ಹಿಗ್ಗಿದ್ದಳು.

ಮೇಷ್ಟ್ರು ಉಣ್ಣುತ್ತಲೇ ನಕ್ಕಿದ್ದರು. “ಕಲಿತಳಾ? ಬ್ರೇಕಿನ ಮೇಲೆ ಕಾಲಿಡೋದು ಹೂವು ಮುಟ್ಟಿದ ಹಾಗೆ! ಕಲಿಸೋ ಕಾರಲ್ಲಿ ನನ್ನ ಕಡೆ ಇನ್ನೊಂದು ಬ್ರೇಕ್ ಇದೆಯಲ್ಲ, ಅದನ್ನ ನಾನು ತುಳೀತೀನಿ. ತಾನೇ ನಿಲ್ಲಿಸಿದೆ ಅಂತ ಅವಳು ಬೀಗ್ತಾಳೆ. ಎಲ್ಲರಿಗೂ ಹಾಗೇ ಮಾಡೋದು. ನಿಲ್ಲಿಸೋಕೆ ಬರಲ್ಲ ಅಂದ್ರೆ ಹೆದರಿ ಕಲಿಯೋದೇ ಬಿಡ್ತಾರೆ.”

“ಮತ್ತೆ ಪರೀಕ್ಷೆ?”

“ಆರ್‌ಟಿಓ ಸಾಹೇಬ್ರು ನೆರಳಲ್ಲಿ ನಿಂತಿರ್ತಾರೆ. ಪಕ್ಕದ ಸೀಟಲ್ಲಿ ನಾನೇ. ರಸ್ತೆಗಿಳಿದ ಮೇಲೆ ತಾನಾಗೇ ಬರುತ್ತೆ ಬಿಡೇ. ಯಾರ ಹತ್ರನೂ ಬಾಯಿಬಿಡಬೇಡ.”

*

ಹುಡುಗಿ ಅತ್ತೆಯ ಕೈ ಕೊಸರಿಕೊಂಡು ಬಂದು ತಾಯಿಯ ಮುಂದೆ ಕುಸಿದಳು.

“ಅಮ್ಮಾ, ನಾನು ಬ್ರೇಕ್ ಒತ್ತಿದ್ದೆ. ಯಾವಾಗ್ಲೂ ಒತ್ತೋ ಅಷ್ಟೇ ಒತ್ತಿದ್ದೆ. ಯಾವಾಗ್ಲೂ ನಿಲ್ತಿತ್ತು. ನಿಂಗೆ ಬರುತ್ತೆ ಅಂತ ಅಪ್ಪನೇ ಹೇಳಿದ್ರಲ್ಲ? ನೀನಾದ್ರೂ ಹೇಳಮ್ಮ, ನಂಗೆ ಬರ್ತಿತ್ತು ತಾನೆ?”

ಜಗಲಿಯವರು ಕಿಟಕಿಯಲ್ಲಿ ಕತ್ತು ಚಾಚಿದರು.

ಒಂದು ಮಾತು ಆಡಿದರೆ ಹುಡುಗಿಯ ಎದೆಯ ಕಲ್ಲು ಇಳಿಯುತ್ತಿತ್ತು. ಆದರೆ ಹೆಣ ಎತ್ತುವ ಮುಂಚೆಯೇ ಮೇಷ್ಟ್ರ ಹೆಸರು ಬೀದಿಗೆ ಬೀಳುತ್ತಿತ್ತು. ಸತ್ತವರು ಎದ್ದು ಬಂದು ಉತ್ತರ ಕೊಡಲಾರರು. ಬದುಕಿರುವವಳು ಹೇಗೋ ಬದುಕಿಕೊಳ್ಳುತ್ತಾಳೆ ಎಂದುಕೊಂಡಳು ತಾಯಿ.

“ಅವರು ಸರಿಯಾಗೇ ಕಲಿಸಿದ್ರು,” ಎಂದಳು, ಜಗಲಿಗೂ ಕೇಳುವಂತೆ. “ನೀನು ಬ್ರೇಕ್ ಒತ್ತಲೇ ಇಲ್ಲ ಕಣೆ.”

ಮೇಷ್ಟ್ರ ತಂಗಿ ಮತ್ತೆ ಎಳೆದಳು. ಈ ಸಲ ಹುಡುಗಿ ಏನನ್ನೂ ಹಿಡಿದುಕೊಳ್ಳಲಿಲ್ಲ.

ಹೆಣ ಎತ್ತಲು ಶಿಷ್ಯರು ಬಗ್ಗಿದರು. ಹೊದಿಕೆ ಸರಿದು ಮೇಷ್ಟ್ರ ಬಲಗಾಲು ಹೊರಗೆ ಬಂತು. ತನ್ನ ಕಡೆಯ ಬ್ರೇಕನ್ನು ಬರಿಗಾಲಲ್ಲಿ ವರ್ಷಗಟ್ಟಲೆ ತುಳಿದು ತುಳಿದು, ಹೆಬ್ಬೆರಳಿನ ಬುಡದಲ್ಲಿ ದಪ್ಪನೆಯ ಹಳದಿ ಜಡ್ಡು ಕಟ್ಟಿತ್ತು. ಬೇಕರಿಯವನ ಕಣ್ಣು ಅದರ ಮೇಲೆ ನಿಲ್ಲುವಷ್ಟರಲ್ಲಿ ಮೇಷ್ಟ್ರ ಹೆಂಡತಿ ಹೊದಿಕೆ ಎಳೆದು, ಅಂಚನ್ನು ಹಿಮ್ಮಡಿಯ ಕೆಳಗೆ ಬಿಗಿಯಾಗಿ ಸಿಕ್ಕಿಸಿದಳು.