ರಾಜಕುಮಾರನ ಸರದಿ

ಲಾಂಡ್ರಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಎರಡಕ್ಕೆ ಮನೆಗೆ ಬಂದರೆ ಸೊಸೆಗೆ ಇನ್ನೊಂದು ಕೆಲಸ ಕಾದಿರುತ್ತಿತ್ತು: ಅತ್ತೆಗೆ ಇಂಗ್ಲಿಷ್ ನಾಟಕ ಓದಿ ಹೇಳುವುದು. ಮೂವತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ ಅತ್ತೆಗೆ ಈಗ ಕಣ್ಣು ಪೂರ್ತಿ ಹೋಗಿತ್ತು. ಕಪಾಟಿನ ತುಂಬ ಹಳೆಯ ರಾಜರ ಚರಿತ್ರೆಯ ನಾಟಕಗಳು, ಪದ್ಯಗಳು.

ಮೊದಮೊದಲು ಸೊಸೆಯ ನಾಲಿಗೆ ಸಾಲಿಗೊಮ್ಮೆ ಎಡವುತ್ತಿತ್ತು.

“ಅದು ಡ್ಯೂಕ್ ಕಣೇ, ಡಕ್ ಅಲ್ಲ. ಬಾತುಕೋಳಿ ಕೈಗೆ ಸೈನ್ಯ ಕೊಟ್ಟುಬಿಟ್ಯಲ್ಲ!”

“ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಈಗ ನೀವು ನಗಿ,” ಅನ್ನುತ್ತಿದ್ದಳು.

ಬರಬರುತ್ತ ಅವಳಿಗೂ ರುಚಿ ಹತ್ತಿತು. ಇಸ್ತ್ರಿ ಪೆಟ್ಟಿಗೆ ಎಳೆಯುವಾಗಲೂ ಆ ಸಾಲುಗಳು ಬಾಯಿಗೆ ಬರುತ್ತಿದ್ದವು.

ಆಮೇಲೆ ಇನ್ನೊಂದು ನಾಟಕ ಶುರುವಾಯಿತು. ಅದರಲ್ಲಿ ಯುದ್ಧಕ್ಕೆ ಹೊರಟು ನಿಂತ ರಾಜಕುಮಾರನೊಬ್ಬನಿದ್ದ. ಅವನ ಮಾತು ಬಂದಾಗಲೆಲ್ಲ ಅತ್ತೆ ಕೈ ಎತ್ತುತ್ತಿದ್ದರು.

“ನಿಲ್ಲು. ಇದು ಅವನ ಸರದಿ.”

ಸೊಸೆ ನಿಲ್ಲಿಸುತ್ತಿದ್ದಳು. ಅತ್ತೆ ಕಿಟಕಿ ಪಕ್ಕದ ಖಾಲಿ ಕುರ್ಚಿಯತ್ತ ಮುಖ ವಾಲಿಸಿ ಕೇಳುತ್ತಿದ್ದರು, ಅಲ್ಲಲ್ಲಿ ತಲೆದೂಗುತ್ತಿದ್ದರು, ಒಮ್ಮೊಮ್ಮೆ ನಗುತ್ತಲೂ ಇದ್ದರು. ಆ ಮಾತು ಓದಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತಾದ ಮೇಲೆ, “ಹೂಂ, ಇನ್ನು ನೀನು,” ಎನ್ನುತ್ತಿದ್ದರು.

ಆ ಕುರ್ಚಿ ಅವಳ ಗಂಡನದು. ಹುಡುಗನಾಗಿದ್ದಾಗ ಅವನು ಅಲ್ಲೇ ಕೂತು ತಾಯಿಗೆ ರಾಜಕುಮಾರನ ಮಾತು ಓದುತ್ತಿದ್ದನಂತೆ. ದೊಡ್ಡವನಾಗಿ ಎಲೆಕ್ಟ್ರಿಷಿಯನ್ ಆದ. ಎರಡು ವರ್ಷದ ಹಿಂದೆ ಕಟ್ಟಡವೊಂದರಿಂದ ಬಿದ್ದು ಆಸ್ಪತ್ರೆಯಲ್ಲಿ ತೀರಿಕೊಂಡ. ಅಂದಿನಿಂದ ಅತ್ತೆಯಾಗಲಿ ಸೊಸೆಯಾಗಲಿ ಅವನ ಮಾತೆತ್ತಿರಲಿಲ್ಲ.

ಒಂದು ದಿನ ಅತ್ತೆ, “ಇವತ್ತು ಅವನ ದನಿ ಯಾಕೋ ಸಣ್ಣಗಿದೆ. ಕಿಟಕಿ ಹಾಕು, ಬೀದಿ ಗದ್ದಲಕ್ಕೆ ಕೇಳಿಸ್ತಿಲ್ಲ,” ಅಂದರು.

ಸೊಸೆ ಎದ್ದಳು. ಕಿಟಕಿ ಹಾಕಬೇಕಾದರೆ ಆ ಖಾಲಿ ಕುರ್ಚಿಯ ಮೇಲೆ ಬಾಗಬೇಕು. ಹತ್ತಿರ ಹೋದವಳ ಬಾಯಿಂದ ತನಗೇ ಅರಿವಿಲ್ಲದೆ ಮಾತು ಬಂತು: “ಸ್ವಲ್ಪ ಸರ್ಕೊಳ್ಳಿ.”

ಅತ್ತೆ ಕೇಳಿಯೂ ಕೇಳದವರಂತೆ ಕೂತಿದ್ದರು. ಸೊಸೆ ಕಿಟಕಿ ಹಾಕಿ ಬಂದು ಮತ್ತೆ ಪುಸ್ತಕ ಎತ್ತಿಕೊಂಡಳು.

ನಾಲ್ಕನೇ ಅಂಕದ ಕೊನೆಗೆ ರಾಜಕುಮಾರ ಸಾಯುತ್ತಾನೆ. ಆ ಪುಟ ಬಂದ ಕೂಡಲೇ ಅತ್ತೆ, “ಸಾಕು, ಮೊದಲಿಂದ ಓದು,” ಅನ್ನುತ್ತಿದ್ದರು. ಮೂರು ಸಲ ಹಾಗೇ ಆಯಿತು. ನಾಲ್ಕನೇ ಸಲ ಸೊಸೆ ನಿಲ್ಲಿಸಲಿಲ್ಲ.

“ನಿಲ್ಲೇ! ಅದು ನಿನ್ನ ಮಾತಲ್ಲ!”

ಅವಳು ಓದುತ್ತಲೇ ಹೋದಳು. ಸಾಯುತ್ತಿರುವ ರಾಜಕುಮಾರ ಎರಡು ಪುಟದುದ್ದ ಮಾತಾಡುತ್ತಾನೆ. ತಾಯಿಯನ್ನು ನೆನೆಯುತ್ತಾನೆ, ಹಗೆಯನ್ನು ಕ್ಷಮಿಸುತ್ತಾನೆ. ಕೊನೆಯ ಸಾಲು ಮುಗಿಸಿ ಅವಳು ಪುಸ್ತಕ ಮಡಚಿದಳು.

ಅತ್ತೆ ಕೇಳಿದರು, “ಆಸ್ಪತ್ರೆಯಲ್ಲಿ ಅವನ ಹತ್ರ ನೀನೊಬ್ಬಳೇ ಇದ್ದೆ. ಹೀಗೆಲ್ಲ ಏನಾದ್ರೂ ಹೇಳಿದ್ನಾ?”

“ಇಲ್ಲ ಅತ್ತೆ. ನೀರು ಕೇಳಿದ್ರು, ಅಷ್ಟೇ.”

“ಕೊಟ್ಯಾ?”

“ಕೊಡಬಾರದು ಅಂತ ನರ್ಸ್ ಹೇಳಿದ್ರು. ಆದ್ರೂ ಚಮಚದಲ್ಲಿ ಕೊಟ್ಟೆ. ಎರಡು ಗುಟುಕು. ಆಮೇಲೆ ಸ್ವಲ್ಪ ಹೊತ್ತಿಗೇ...” ಅವಳು ಅತ್ತುಬಿಟ್ಟಳು. “ಅದರಿಂದಲೇ ಹೋದ್ರೇನೋ ಅತ್ತೆ. ದಿನಾ ಕಣ್ಣು ಮುಚ್ಚಿದ್ರೆ ಆ ಚಮಚವೇ ಕಾಣತ್ತೆ.”

ಅತ್ತೆ ಗಾಳಿಯಲ್ಲಿ ತಡಕಾಡಿ ಅವಳ ಕೈ ಹಿಡಿದುಕೊಂಡರು.

“ಬಾಯಾರಿಕೊಂಡು ಹೋಗ್ಲಿಲ್ಲವಲ್ಲ ನನ್ನ ಮಗ. ನಾನಿದ್ದಿದ್ರೂ ಕೊಡ್ತಿದ್ದೆ ಕಣಮ್ಮ.”

ಇಬ್ಬರೂ ಮನಸಾರೆ ಅತ್ತರು. ಆಮೇಲೆ ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದರು. ನಿದ್ದೆ ಹೋದರೆಂದುಕೊಂಡು ಸೊಸೆ ಐದನೇ ಅಂಕ ತೆರೆದು ಮನಸ್ಸಿನಲ್ಲೇ ಓದತೊಡಗಿದಳು.

“ಯಾರು ಗೆದ್ರು?” ಮಂಚದಿಂದ ದನಿ ಬಂತು.

“ನಿಮಗೆ ಗೊತ್ತಿಲ್ವಾ?”

“ಗೊತ್ತು. ಆದ್ರೂ ಜೋರಾಗಿ ಓದು.”